ಇ-ಮೇಲಿಗೊಂದು ಮುನ್ನುಡಿ

ಇ-ಮೇಲ್ ಚರ್ಚಾ ಗುಂಪೊಂದನ್ನು ದೀಪ ಬೆಳಗಿಸಿ ಉದ್ಘಾಟಿಸಿದ ಕೀರ್ತಿ ನಮ್ಮ ಕಲಬುರಗಿಗೆ ಸಲ್ಲಬೇಕು. ಬೇರೆ ಊರುಗಳಲ್ಲಿ ಇಂಥ ಗುಂಪು ಕಟ್ಟುವುದೆಂದರೆ ಯಾರೋ ಒಬ್ಬರು ಕಂಪ್ಯೂಟರ್ ಮುಂದೆ ಕೂತು ನಾಲ್ಕು ಗುಂಡಿ ಒತ್ತಿ ಏಳುವ ಕೆಲಸವಂತೆ. ನಾವು ಬೋರ್‌ವೆಲ್ಲಿಗೂ ರಿಬ್ಬನ್ ಕತ್ತರಿಸುವ ಜನ. ವಿದ್ವಾಂಸರ ಗುಂಪನ್ನು ಹಾಗೇ ಬಿಡುವುದುಂಟೇ? ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ, ಕಾಲೇಜೊಂದರ ಸಭಾಂಗಣದಲ್ಲಿ, ಕಂಪ್ಯೂಟರನ್ನು ವೇದಿಕೆಯ ಮೇಲೆ ಕೂರಿಸಿ, ಮಾನಿಟರಿಗೆ ಚೆಂಡು ಹೂವಿನ ಹಾರ ಹಾಕಿ, ಕೀಬೋರ್ಡಿಗೆ ಕುಂಕುಮ ಹಚ್ಚಿ 'ದಖ್ಖನ್ ಇತಿಹಾಸ ಇ-ಚರ್ಚಾ ವೇದಿಕೆ'ಯನ್ನು ಲೋಕಾರ್ಪಣೆ ಮಾಡಲಾಯಿತು. ಮಾಜಿ ಮಂತ್ರಿಯೊಬ್ಬರು ಎಂಟರ್ ಗುಂಡಿ ಒತ್ತಿದರು. ಅದೇ ಗಳಿಗೆಗೆ ಕರೆಂಟು ಹೋಯಿತು. ಸಭಿಕರು ಅದೂ ಕಾರ್ಯಕ್ರಮದ ಒಂದು ಭಾಗವೆಂದು ತಿಳಿದು ಜೋರಾಗಿ ಚಪ್ಪಾಳೆ ತಟ್ಟಿದರು. ಶಾಲು, ಹಾರ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಎಲ್ಲವೂ ಸೆಖೆಯಲ್ಲೇ ಮುಗಿದವು. ಸಂಜೆ ಜಹೀರುದ್ದೀನ್ ಜಗತ್ ಸರ್ಕಲ್ಲಿನ ಸೈಬರ್ ಕೆಫೆಗೆ ಹೋಗಿ, ಒಬ್ಬನೇ ಕೂತು ನಾಲ್ಕು ಗುಂಡಿ ಒತ್ತಿ ಗುಂಪನ್ನು ಕಟ್ಟಿ ಬಂದ.

ಈ ಜಹೀರುದ್ದೀನ್ ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕ. ಬಾಯಲ್ಲಿ ಸದಾ "ಜೀ ಸರ್", ಹೊಟ್ಟೆಯೊಳಗೆ ಸದಾ ಬೆಂಕಿ. ಅವನಿಗೆ ವೇದಿಕೆಯ ನಿರ್ವಾಹಕ ಎಂಬ ಪದವಿ ಕೊಟ್ಟರು. ಅಂದರೆ ಸದಸ್ಯರು ಯಾರೇ ಪತ್ರ ಕಳಿಸಲಿ, ಅದು ಮೊದಲು ಬಂದು ಅವನ ಮುಂದೆ ಸಾಲಿನಲ್ಲಿ ನಿಲ್ಲುತ್ತದೆ. ಅವನು 'ಹೋಗಲಿ' ಎಂದು ಒತ್ತಿದ ಮೇಲೆಯೇ ಬೀದರ್, ಹೈದರಾಬಾದ್, ಪುಣೆ, ಧಾರವಾಡ ಅಂತ ಎಲ್ಲ ಸದಸ್ಯರಿಗೂ ತಲುಪುತ್ತದೆ. ಕೇಳುವುದಕ್ಕೆ ದೊಡ್ಡ ಅಧಿಕಾರ. ಆದರೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಹೇಳುವವರು ಬೇರೆ ಇದ್ದರು. ಅವರೇ ಸಂಸ್ಥಾಪಕ ಅಧ್ಯಕ್ಷ, ನಿವೃತ್ತ ಪ್ರೊಫೆಸರ್ ಕಾಶಿರಾಯ ಸೊಂತ.

ಸೊಂತ ಸರ್ ಐವಾನ್-ಎ-ಶಾಹಿ ಕಡೆಯ ತಮ್ಮ ಮನೆಯಲ್ಲಿ ಕಂಪ್ಯೂಟರ್ ಇಟ್ಟವರಲ್ಲ, ಹೊರಗೆ ಎಲ್ಲೂ ಮುಟ್ಟಿದವರೂ ಅಲ್ಲ. ಗಾಜಿನ ಮೇಲಿನ ಅಕ್ಷರ ಓದಿದರೆ ವಿದ್ವತ್ತಿಗೆ ಧಕ್ಕೆ ಎಂದು ಅವರ ನಂಬಿಕೆ. ಆಗ ಇ-ಮೇಲಿನಲ್ಲಿ ಕನ್ನಡ ನೆಟ್ಟಗೆ ಮೂಡುತ್ತಿರಲಿಲ್ಲ. ಕಳಿಸಿದವರ ಕನ್ನಡ ತಲುಪಿದವರಿಗೆ ಚೌಕ ಚೌಕವಾಗಿ ಕಾಣುತ್ತಿತ್ತು. ಹಾಗಾಗಿ ಸದಸ್ಯರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದರು. ಜಹೀರ್ ಅದನ್ನೆಲ್ಲ ಮತ್ತೆ ಕನ್ನಡ ಅಕ್ಷರದಲ್ಲಿ ಟೈಪು ಮಾಡಿ, ಪ್ರಿಂಟು ತೆಗೆದು, ಲಾಡಿ ಕಟ್ಟಿದ ಫೈಲಿನಲ್ಲಿಟ್ಟು ಪ್ರತಿ ರವಿವಾರ ಸರ್ ಮನೆಗೆ ಒಯ್ಯಬೇಕು. ಸರ್ ಕೆಂಪು ಪೆನ್ಸಿಲ್ ಹಿಡಿದು ಅಂಚಿನಲ್ಲಿ 'ಬಿಡಬಹುದು', 'ತಡೆಯಿರಿ', 'ಬಂದು ಮಾತಾಡಿ' ಎಂದು ಬರೆಯುತ್ತಿದ್ದರು. ಅಲ್ಲಿಂದ ಫೈಲು ರೋಜಾ ಬಡಾವಣೆಯಲ್ಲಿದ್ದ ಫಾರ್ಸಿ ವಿದ್ವಾಂಸ ಗುಲಾಮ್ ರಸೂಲ್ ಸಾಹೇಬರ ಮನೆಗೆ, ಆಮೇಲೆ ನಿವೃತ್ತ ವಿಭಾಗ ಮುಖ್ಯಸ್ಥೆ ಸಾವಿತ್ರಿಬಾಯಿ ಮೇಡಂ ಮನೆಗೆ. ಈ ಇಬ್ಬರಿಗೂ ಇ-ಮೇಲ್ ಇರಲಿಲ್ಲ. ಮೂವರೂ ಕಾಗದದ ಮೇಲೆ ಬರೆದುಕೊಟ್ಟ ಅಭಿಪ್ರಾಯಗಳನ್ನು ಜಹೀರ್ ಟೈಪು ಮಾಡಿ ಲೋಕಕ್ಕೆ ಕಳಿಸುವನು. ತಾಲ್ಲೂಕು ಕಚೇರಿ ನಡೆಯುವ ಹಾಗೆ ನಮ್ಮ ಇ-ಚರ್ಚೆ ನಡೆಯುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಸೊಂತ ಸರ್ ಕನ್ನಡದ ಮನುಷ್ಯ. ಹಿರಿಯರ ಮುನ್ನುಡಿ ಇಲ್ಲದೆ ಕನ್ನಡದಲ್ಲಿ ಒಂದು ಪುಸ್ತಕ ಹೊರಬರುವುದಿಲ್ಲ ಅಂದಮೇಲೆ ಪತ್ರ ಹೇಗೆ ಬಂದೀತು? ಕಿರಿಯರ ಪ್ರತಿಯೊಂದು ಪತ್ರದ ತಲೆಯ ಮೇಲೂ ಮೂವರು ಹಿರಿಯರಲ್ಲಿ ಒಬ್ಬರ ಮುನ್ನುಡಿ ಇರತಕ್ಕದ್ದು ಎಂದು ನಿಯಮ ಮಾಡಿದರು. ಬೀದರಿನ ಸಂಶೋಧಕನೊಬ್ಬ, ಹಳೆಯ ಗೆಜೆಟಿಯರ್ ಯಾರ ಬಳಿಯಾದರೂ ಇದೆಯೇ ಎಂದು ಒಂದು ಸಾಲು ಕೇಳಿದ್ದ. ಆ ಸಾಲಿಗೆ ಸರ್ ಎರಡು ಪುಟ ಮುನ್ನುಡಿ ಬರೆದರು. ಪ್ರಶ್ನೆ ಕೇಳುವುದೇ ಜ್ಞಾನದ ಮೊದಲ ಲಕ್ಷಣ ಎಂದು ಶುರುವಾದದ್ದು, ತಾವು ಯಾವ ಯಾವ ಸಭೆಯಲ್ಲಿ ಎಂಥ ಎಂಥ ಪ್ರಶ್ನೆ ಕೇಳಿದ್ದೆವು ಎಂಬಲ್ಲಿಗೆ ಮುಗಿಯಿತು. ಗೆಜೆಟಿಯರ್ ಸರ್ ಮನೆಯ ಕಪಾಟಿನಲ್ಲೇ ಇತ್ತು. ಅದನ್ನು ಮಾತ್ರ ಬರೆಯಲಿಲ್ಲ.

ಇಂಥ ವೇದಿಕೆಗೆ ಮರುವರ್ಷದ ಮಳೆಗಾಲದಲ್ಲಿ ಕಲಬುರಗಿ ಹತ್ತಿರದ ಕಮಲಾಪುರದಿಂದ ಚಂದಮ್ಮ ಎಂಬಾಕೆ ಒಂದು ಪತ್ರ ಕಳಿಸಿದಳು.

ಚಂದಮ್ಮ ಒಕ್ಕಲುತನದ ಮನೆಯ ಮಗಳು, ಕಮಲಾಪುರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪಿಎಚ್.ಡಿ.ಗೆ ನೋಂದಾಯಿಸಿ ಐದನೇ ವರ್ಷ ನಡೆದಿತ್ತು. ಬರುವ ಮಾರ್ಚ್ ಒಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ಐದು ವರ್ಷದ ಕೆಲಸ ಮಣ್ಣುಪಾಲು. ಪ್ರಬಂಧವೇನೋ ಬರೆದು ಮುಗಿದಿತ್ತು. ಸಹಿ ಹಾಕಬೇಕಾದ ಗೈಡು ಮಾತ್ರ ಪೆನ್ನಿನ ಮುಚ್ಚಳ ತೆಗೆಯದೆ ಕೂತಿದ್ದರು. ಯಾಕೆಂದರೆ ಅವಳ ನಾಲ್ಕನೇ ಅಧ್ಯಾಯ ಸೊಂತ ಸರ್ ಅವರ ರಾಣಿಯನ್ನು ಒಕ್ಕಲೆಬ್ಬಿಸಿತ್ತು.

ರಾಣಿಯ ಸಂಗತಿ ಹೀಗೆ. ಕಮಲಾಪುರದ ಹೊರಗೆ ಹೊಲಗಳ ನಡುವೆ ಗಚ್ಚು ಬಳಿದ ಎರಡು ಹಳೆಯ ಕಲ್ಲಿನ ತೊಟ್ಟಿಗಳಿವೆ, ಒಂದು ಮೇಲೆ, ಒಂದು ಕೆಳಗೆ. ಎಂಬತ್ನಾಲ್ಕರಲ್ಲಿ ಸೊಂತ ಸರ್ ಅದನ್ನು ರಾಣಿಯ ಜಳಕದ ಮನೆ ಎಂದು ಸಾರಿ ಪುಸ್ತಕ ಬರೆದರು. ಮುಖಪುಟದಲ್ಲಿ ಭುಜದವರೆಗೆ ನೀರಿನಲ್ಲಿ ಮುಳುಗಿದ ರಾಣಿ, ಸುತ್ತ ತಾವರೆ. ಪುಸ್ತಕ ಖರ್ಚಾದದ್ದು ಒಳಗಿನ ಮಾತಿಗೋ ಹೊರಗಿನ ಚಿತ್ರಕ್ಕೋ ನಾನು ಹೇಳಲಾರೆ. ಸರ್ ಪ್ರೊಫೆಸರ್ ಆದದ್ದು ಆ ಪುಸ್ತಕದಿಂದ, ಶಾಲು ಹೊದ್ದದ್ದು ಆ ಪುಸ್ತಕದಿಂದ. ಚಂದಮ್ಮ ಆ ತೊಟ್ಟಿಗಳೊಳಗೆ ಇಳಿದು ನೋಡಿದಳು. ಇಳಿಯುವುದಕ್ಕೆ ಒಂದು ಮೆಟ್ಟಿಲೂ ಇರಲಿಲ್ಲ. ಜಳಕ ಆಗಬೇಕಾದರೆ ರಾಣಿಯನ್ನು ಹಗ್ಗ ಕಟ್ಟಿ ಇಳಿಸಬೇಕಿತ್ತು. ಮೇಲಿನ ತೊಟ್ಟಿಯ ತಳದಲ್ಲಿದ್ದ ತೂತು ಕೆಳಗಿನ ತೊಟ್ಟಿಗೆ ತೆರೆದುಕೊಂಡಿತ್ತು. ತಳದ ಗಚ್ಚು ಕೆರೆದರೆ ನೀಲಿ ಬಣ್ಣ. ನೀಲಿ ಗಿಡವನ್ನು ಮೇಲಿನ ತೊಟ್ಟಿಯಲ್ಲಿ ಕೊಳೆಹಾಕಿ, ನೀರನ್ನು ಕೆಳಗಿನದಕ್ಕೆ ಹರಿಸಿ, ಬಡಿದು ಬಣ್ಣ ತೆಗೆಯುತ್ತಿದ್ದ ಜಾಗ ಅದು. ರಾಣಿ ಆ ಕಡೆ ಹಾದುಹೋಗಿದ್ದರೂ ಮೂಗು ಮುಚ್ಚಿಕೊಂಡೇ ಹೋಗಿರಬೇಕು.

ಗೈಡು ಅಧ್ಯಾಯ ಓದಿ ಬೆವರು ಒರೆಸಿಕೊಂಡರು. "ಖರೇ ಅದ ಚಂದಮ್ಮ, ನೀ ಬರ್ದಿದ್ದು ಖರೇನೇ ಅದ. ಆದ್ರ ಮೊದಲು ಇದು ವೇದಿಕಿ ಇ-ಮೇಲ್ ಲಿಸ್ಟಿನ್ಯಾಗ ಬರಲಿ. ಸೊಂತ ಸರ್ದು ತಕರಾರಿಲ್ಲಂತ ನಾಲ್ಕು ಮಂದಿಗಿ ಗೊತ್ತಾಗ್ಲಿ. ಆಮ್ಯಾಲ ಸಹಿ ಹಾಕ್ತೀನಿ. ನಾನೂ ಇದೇ ಊರಾಗ ಇರಬೇಕಲ್ಲವಾ."

ಚಂದಮ್ಮ ಕಳಿಸಿದಳು. ಪತ್ರ ಸಾಲಿನಲ್ಲಿ ನಿಂತಿತು. ರವಿವಾರ ಫೈಲು ಬಿಚ್ಚಿದ ಸೊಂತ ಸರ್ ಅದನ್ನು ಓದಿದರು, ಇನ್ನೊಮ್ಮೆ ಓದಿದರು. 'ತಡೆಯಿರಿ' ಎಂದು ಬರೆಯುವಂತಿರಲಿಲ್ಲ. ಉದ್ಘಾಟನೆಯ ಬ್ಯಾನರಿನ ಮೇಲೆ 'ಮುಕ್ತ ಚರ್ಚೆಯೇ ನಮ್ಮ ಗುರಿ' ಎಂದು ಬರೆಸಿದವರು ಅವರೇ. ಆದ್ದರಿಂದ ಕೆಂಪು ಪೆನ್ಸಿಲಿನಲ್ಲಿ 'ಮುನ್ನುಡಿ ಅಗತ್ಯ' ಎಂದು ಮಾತ್ರ ಬರೆದರು.

ಅಂದಿನಿಂದ ಚಂದಮ್ಮ ಒಂದು ಇ-ಮೇಲಿಗೆ ಮುನ್ನುಡಿ ಬರೆಸುವುದಕ್ಕೆ ಬಸ್ಸು ಹತ್ತಿದಳು. ಬರಿಗೈಯಲ್ಲಿ ಹೋಗಬಾರದೆಂದು ಕಮಲಾಪುರದ ಕೆಂಪು ಬಾಳೆಹಣ್ಣು ಒಯ್ದಳು. ಸೊಂತ ಸರ್ ಹಣ್ಣನ್ನು ಒಳಗೆ ಕಳಿಸಿ, ಅವಳನ್ನು ಎದುರಿಗೆ ಕೂರಿಸಿಕೊಂಡರು.

"ಭಾಳ ಕಷ್ಟಪಟ್ಟೀದಿ ತಂಗಿ. ಸಂತೋಷ. ನಂದೇನೂ ಅಡ್ಡಿ ಇಲ್ಲ. ಆದ್ರ ಇದು ಸುಲ್ತಾನರ ಕಾಲದ ಕಟ್ಟಡ. ಫಾರ್ಸಿ ಬಲ್ಲವರು ಮುನ್ನುಡಿ ಬರದ್ರ ಶೋಭಾ. ರಸೂಲ್ ಸಾಹೇಬರ ಕಡೆ ಹೋಗು."

ರೋಜಾದ ಗಲ್ಲಿಯಲ್ಲಿ ಅತ್ತರಿನ ಅಂಗಡಿಗಳನ್ನು ದಾಟಿ ಗುಲಾಮ್ ರಸೂಲ್ ಸಾಹೇಬರ ಮನೆಗೆ ಹೋದಳು. ಸಾಹೇಬರು ಚಹಾ ತರಿಸಿದರು, ಹಣ್ಣಿನ ಪರಿಮಳ ಹೊಗಳಿದರು. "ಬೈಠೋ ಬೇಟಿ. ಮಾಶಾ ಅಲ್ಲಾ, ಛಲೋ ಬರ್ದೀರಿ. ಆದ್ರ ಇದು ಕಾಶಿರಾಯ ಸಾಬರ ಇಲಾಖಾ. ಅವರಕಿಂತ ಮೊದಲು ನಾ ಕಲಮ್ ಹಿಡದ್ರ ಬೇಅದಬಿ ಆಗ್ತದ. ಪೈಲೇ ಅವರು ಬರೀಲಿ. ನಾ ಕಡೀಗಿ ಎರಡು ಸಾಲಿಂದು ಒಂದು ಫಾರ್ಸಿ ಶೇರ್ ಸೇರಿಸ್ತೀನಿ."

ಸಾವಿತ್ರಿಬಾಯಿ ಮೇಡಂ ಹಣ್ಣು ಮುಟ್ಟಲಿಲ್ಲ, ಸಕ್ಕರೆ ಕಾಯಿಲೆ. ಚಂದಮ್ಮನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ರಾಣಿ ಜಳಕದ ಸಂಗತಿ. ಅವತ್ತು ಪುಸ್ತಕ ಬರೆಯೂಮುಂದ ಒಬ್ಬ ಹೆಣ್ಣಮಗಳನ್ನ ಕೇಳಬೇಕಂತ ಕಾಶಿರಾಯಗ ಅನಸ್ಲಿಲ್ಲ. ಈಗ ಆ ರಾಣಿನ್ನ ಹೊರಗ ಹಾಕಾಕ ನನ್ನ ಕೈ ಬೇಕಾಯ್ತೇನು? ನಾ ಬರಿಯಂಗಿಲ್ಲ."

ಮಳೆಗಾಲ ಮುಗಿಯಿತು, ತೊಗರಿ ಹೂ ಬಿಟ್ಟು ಕಾಯಿ ಕಟ್ಟಿತು. ಚಂದಮ್ಮ ಐವಾನ್-ಎ-ಶಾಹಿಯಿಂದ ರೋಜಾಕ್ಕೆ, ರೋಜಾದಿಂದ ಐವಾನ್-ಎ-ಶಾಹಿಗೆ ಓಡಾಡುತ್ತಲೇ ಇದ್ದಳು. ಸರ್ ಸಾಹೇಬರನ್ನು ಮುಂದೆ ಮಾಡಿದರು, ಸಾಹೇಬರು ಸರ್ ಅವರನ್ನು ಮುಂದೆ ಮಾಡಿದರು. ಇಬ್ಬರೂ ಎಷ್ಟು ಸಜ್ಜನಿಕೆಯಿಂದ ಅವಳ ಕುತ್ತಿಗೆ ಹಿಸುಕಿದರೆಂದರೆ, ಎದ್ದು ಬರುವಾಗ ಪ್ರತಿ ಸಲವೂ ಅವಳೇ ಅವರ ಕಾಲಿಗೆ ನಮಸ್ಕಾರ ಮಾಡಿ ಬರಬೇಕಾಗುತ್ತಿತ್ತು. ನನಗೆ ಇಂಥ ಸಜ್ಜನರನ್ನು ಕಂಡರೆ ಮೈ ಉರಿಯುತ್ತದೆ. ಬೈದು ಕಳಿಸುವವರೇ ವಾಸಿ.

ಜನವರಿಯ ಒಂದು ಮಧ್ಯಾಹ್ನ ಅವಳು ಜಗತ್ ಸರ್ಕಲ್ಲಿನ ಸೈಬರ್ ಕೆಫೆಗೆ ಬಂದಳು. ಜಹೀರ್ ಮೂಲೆಯ ಕಂಪ್ಯೂಟರಿನಲ್ಲಿ ಸೊಂತ ಸರ್ ಅವರ ಕೈಬರಹ ನೋಡಿ ನೋಡಿ ಟೈಪು ಮಾಡುತ್ತಿದ್ದ.

"ಸರ್, ನನ್ನ ಪತ್ರದ್ದು ಏನಾಯ್ತ್ರಿ?" ಎಂದು ಕೇಳಿದಳು. ಅಳಲಿಲ್ಲ. ಅಳುವುದಕ್ಕಿಂತ ಕೆಟ್ಟದಾಗಿತ್ತು ಆ ದನಿ. "ಮಾರ್ಚ್ ಬಂತ್ರಿ. ಹೋಗೂದಿಲ್ಲಂದ್ರ ಹೋಗೂದಿಲ್ಲಂತ ಹೇಳ್ಬಿಡ್ರಿ ಸರ್. ಮನ್ಯಾಗ ನಾ ಏನಾರ ಒಂದು ಹೇಳ್ಬೇಕಲ್ರಿ."

ಜಹೀರ್ ಕೈಬರಹದ ಹಾಳೆಯನ್ನು ಅವಳ ಮುಂದೆ ತಳ್ಳಿದ. ರಾಯಚೂರಿನ ಕಿರಿಯ ಸದಸ್ಯನೊಬ್ಬ ಎಲ್ಲರಿಗೂ ಹೊಸ ವರ್ಷದ ಶುಭಾಶಯ ಎಂದು ಬರೆದಿದ್ದ. ಅದಕ್ಕೆ ಸೊಂತ ಸರ್ ಬರೆದ ಮುನ್ನುಡಿ ಅದು: ಕಾಲಗಣನೆಯ ಇತಿಹಾಸ, ಮೂರು ಪುಟ. ಸಂಕ್ರಾಂತಿಯೂ ಹತ್ತಿರ ಬಂದಿತ್ತು, ಆ ಶುಭಾಶಯ ಇನ್ನೂ ಸಾಲಿನಲ್ಲೇ ನಿಂತಿತ್ತು.

ಚಂದಮ್ಮನಿಗೆ ನಗು ಬಂತು. ನಗುತ್ತ ನಗುತ್ತಲೇ ಕಣ್ಣು ತುಂಬಿತು. ಅದನ್ನು ನೋಡಿ ಜಹೀರನ ಹೊಟ್ಟೆಯ ಬೆಂಕಿ ಕೈಗೆ ಬಂತು. ಅವನು ಸಾಲಿನಲ್ಲಿದ್ದ ಅವಳ ಪತ್ರವನ್ನು ತೆಗೆದ, 'ಹೋಗಲಿ' ಎಂದು ಒತ್ತಿದ. ಪತ್ರ ಹೋಯಿತು. ಶುಭಾಶಯವನ್ನೂ ಅದರ ಹಿಂದೆಯೇ ಕಳಿಸಿದ.

"ಅಯ್ಯ, ಸರ್! ಅವರಿಗಿ ಗೊತ್ತಾದ್ರ?"

"ಹ್ಯಾಂಗ ಗೊತ್ತಾಗ್ತದ ಮೇಡಂ? ಅವರು ಓದೂದು ನಾ ಟೈಪ್ ಮಾಡಿದ್ದು. ಇದನ್ನ ನಾ ಟೈಪ್ ಮಾಡಂಗಿಲ್ಲ. ಬಸ್, ಖತಂ."

ಹೀಗೆ ನಮ್ಮ ವೇದಿಕೆ ಎರಡಾಯಿತು. ಒಂದು ಕಂಪ್ಯೂಟರಿನದು. ಅಲ್ಲಿ ಮುನ್ನುಡಿ ಇಲ್ಲ, ಹಿರಿತನದ ಸಾಲಿಲ್ಲ. ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಸಂಜೆಗೆ ಉತ್ತರ. ಇನ್ನೊಂದು ಕಾಗದದ್ದು. ಅದರಲ್ಲಿ ಸೊಂತ ಸರ್ ಬರೆದದ್ದನ್ನು ರಸೂಲ್ ಸಾಹೇಬರು ಓದುವರು, ಸಾಹೇಬರು ಬರೆದದ್ದನ್ನು ಸಾವಿತ್ರಿಬಾಯಿ ಮೇಡಂ ಓದಿ ಖಂಡಿಸುವರು, ಖಂಡನೆಗೆ ಸರ್ ಅಧ್ಯಕ್ಷೀಯ ಸಮಾರೋಪ ಬರೆಯುವರು. ಜಹೀರ್ ಎಲ್ಲವನ್ನೂ ಚೊಕ್ಕವಾಗಿ ಟೈಪು ಮಾಡಿ ಮೂರು ಪ್ರತಿ ತೆಗೆದು ಹಂಚುವನು. ಕಿರಿಯರ ನಾಲ್ಕು ಸಪ್ಪೆ ಪತ್ರಗಳನ್ನು ನಡುವೆ ಸೇರಿಸಿ ಮುನ್ನುಡಿ ಬರೆಸಿಕೊಳ್ಳುವನು. ಆ ಮುನ್ನುಡಿಗಳು ಐವಾನ್-ಎ-ಶಾಹಿಯಿಂದ ರೋಜಾದವರೆಗೆ ಹೋಗಿ ಅಲ್ಲೇ ನಿಲ್ಲುತ್ತಿದ್ದವು.

ಒಮ್ಮೆ ಸೊಂತ ಸರ್‌ಗೆ ಸ್ವಲ್ಪ ಅನುಮಾನ ಬಂತು. "ಏನಪಾ ಜಹೀರ್, ಇತ್ತೀಚಿಗಿ ಹೊರಗಿನವರು ಯಾರೂ ಮಾತಾಡೂದೇ ಇಲ್ಲಲ್ಲ?"

"ನಿಮ್ಮ ಮಾತಿನ ಮ್ಯಾಲ ಮಾತಾಡೂದೇನದ್ರಿ ಸರ್," ಎಂದ ಜಹೀರ್.

ಸರ್ ತೃಪ್ತಿಯಿಂದ ತಲೆಯಾಡಿಸಿ ಪೆನ್ಸಿಲ್ ಕೆತ್ತಿಕೊಂಡರು.

ಅತ್ತ ನಿಜವಾದ ವೇದಿಕೆಯಲ್ಲಿ ಚಂದಮ್ಮನ ಪತ್ರಕ್ಕೆ ಉತ್ತರದ ಮೇಲೆ ಉತ್ತರ. ತೊಟ್ಟಿಯ ಅಳತೆ ಕೇಳಿದರು, ಫೋಟೋ ಕೇಳಿದರು; ಬೇರೆ ಕಡೆಯ ನೀಲಿ ತೊಟ್ಟಿಗಳ ವಿವರ ಕಳಿಸಿದರು. ಪುಣೆಯ ಹಾಜಿರಾ ಎಂಬ ಹಿರಿಯ ಸಂಶೋಧಕಿ ಕಮಲಾಪುರಕ್ಕೇ ಬಂದು, ಸೀರೆ ಎತ್ತಿ ಕಟ್ಟಿ ತೊಟ್ಟಿಗೆ ಇಳಿದು ಹೋದರು. ಗೈಡಿಗೆ ಇ-ಮೇಲ್ ಇತ್ತು, ಅವರು ಎಲ್ಲವನ್ನೂ ಓದಿದರು. ಸೊಂತ ಸರ್ ಒಪ್ಪದೆ ಇದು ಲಿಸ್ಟಿಗೆ ಬರಲು ಸಾಧ್ಯವೇ ಇಲ್ಲ ಎಂದು ಅವರು ಲೆಕ್ಕ ಹಾಕಿದರು, ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು. ಉಳಿದವರದ್ದೂ ಅದೇ ಲೆಕ್ಕ. ತಮ್ಮ ರಾಣಿಯನ್ನು ತಮ್ಮ ಅಧ್ಯಕ್ಷತೆಯಲ್ಲೇ ಕಳೆದುಕೊಳ್ಳುತ್ತಿರುವ ಮುದುಕರ ಎದುರು ಆ ಮಾತು ಎತ್ತಬಾರದು, ನೋವಾದೀತು ಎಂದು ಊರಿನ ವಿದ್ವಾಂಸರೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡರು. ಸರ್ ಎದುರು ಸಿಕ್ಕರೆ ಆರೋಗ್ಯ ವಿಚಾರಿಸಿ ಜಾಗ ಖಾಲಿ ಮಾಡುತ್ತಿದ್ದರು. ನಮ್ಮೂರಿನ ಜನಕ್ಕೆ ಇಷ್ಟೊಂದು ಮರ್ಯಾದೆ ಇದೆ ಎಂದು ನನಗೂ ಗೊತ್ತಿರಲಿಲ್ಲ.

ವರ್ಷದ ಕೊನೆಗೆ ಚಂದಮ್ಮನ ಮೌಖಿಕ ಪರೀಕ್ಷೆ ಬಂತು. ಯಾರು ಬೇಕಾದರೂ ಬಂದು ಕೂರಬಹುದಾದ ಬಹಿರಂಗ ಪರೀಕ್ಷೆ ಅದು. ಹಿರಿಯರನ್ನು ಕರೆಯದಿದ್ದರೆ ಹೇಗೆ ಎಂದು ಗೈಡು ತಾವೇ ಹೋಗಿ ಸೊಂತ ಸರ್ ಅವರನ್ನು ಕರೆದರು. ಸರ್‌ಗೆ ಆಶ್ಚರ್ಯ. ಮುನ್ನುಡಿ ಇಲ್ಲದೆ ಪತ್ರ ಹೋಗಿಲ್ಲ, ಪತ್ರ ಹೋಗದೆ ಸಹಿ ಆಗುವುದಿಲ್ಲ. ಅಂದಮೇಲೆ ಹುಡುಗಿ ಬುದ್ಧಿ ಕಲಿತು ಆ ಅಧ್ಯಾಯ ಕಿತ್ತುಹಾಕಿರಬೇಕು. ಹಾಗೆ ತಿಳಿದು, ಇಸ್ತ್ರಿ ಮಾಡಿದ ಕೋಟು ತೊಟ್ಟು, ಬಂದು ಮುಂದಿನ ಸಾಲಿನಲ್ಲಿ ಕೂತರು. ಜಹೀರ್ ಬಾಗಿಲ ಬಳಿ ನಿಂತಿದ್ದ. ಸರ್ ಅವರನ್ನು ಕಂಡದ್ದೇ ಅವನ ಮುಖ ಸುಣ್ಣವಾಯಿತು.

ಹೊರಗಿನಿಂದ ಬಂದ ಪರೀಕ್ಷಕರು ಮಾತು ಶುರು ಮಾಡುವ ಮೊದಲು ಎದ್ದು ನಿಂತು ಸೊಂತ ಸರ್ ಕಡೆ ತಿರುಗಿ ಕೈ ಮುಗಿದರು. "ನಾನು ಬಹಳ ಜನ ವಿದ್ವಾಂಸರನ್ನು ನೋಡಿದ್ದೇನೆ. ಆದರೆ ಇಂಥವರನ್ನು ನೋಡಿರಲಿಲ್ಲ. ಇವರಿಗೆ ನೀವೆಲ್ಲ ಒಮ್ಮೆ ಚಪ್ಪಾಳೆ ತಟ್ಟಬೇಕು," ಎಂದರು. ಸಭೆ ಎದ್ದು ನಿಂತಿತು. ಚಪ್ಪಾಳೆ ಬಿದ್ದಾಗ ಏಕೆ ಎಂದು ಕೇಳುವ ಅಭ್ಯಾಸ ಸರ್‌ಗೆ ಇರಲಿಲ್ಲ. ಅವರೂ ಎದ್ದರು, ನಾಲ್ಕೂ ದಿಕ್ಕಿಗೆ ಕೈ ಮುಗಿದರು, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಆಮೇಲೆ ಪರೀಕ್ಷಕರು ಮಾತು ಮುಂದುವರಿಸಿದರು: "ತಮ್ಮ ಜೀವಮಾನದ ಸಿದ್ಧಾಂತ ತಪ್ಪು ಎಂದು ಒಬ್ಬ ಎಳೆಯ ಸಂಶೋಧಕಿ ತೋರಿಸಿಕೊಟ್ಟಾಗ, ಅದನ್ನು ತಮ್ಮದೇ ವೇದಿಕೆಯಲ್ಲಿ ತಿಂಗಳುಗಟ್ಟಲೆ ಚರ್ಚೆಗೆ ಬಿಟ್ಟ ಈ ದೊಡ್ಡ ಮನಸ್ಸು ಯಾರಿಗಿದೆ?"

ಎದೆಯ ಮೇಲಿನ ಕೈ ಅಲ್ಲೇ ಉಳಿಯಿತು. ಚಪ್ಪಾಳೆಯನ್ನು ತೆಗೆದುಕೊಂಡು ಆಗಿತ್ತು, ವಾಪಸು ಕೊಡುವಂತಿರಲಿಲ್ಲ. ಸರ್ ನಿಧಾನಕ್ಕೆ ಕೂತರು. ಚಂದಮ್ಮ ತೊಟ್ಟಿಗಳ ಚಿತ್ರ ತೋರಿಸಿ ಮಾತಾಡಿದಷ್ಟು ಹೊತ್ತೂ ಅವರು ಮುಖದ ಮೇಲೆ ದೊಡ್ಡ ಮನಸ್ಸನ್ನು ಹೊತ್ತು ಕೂರಬೇಕಾಯಿತು. ಪದವಿಗೆ ಅರ್ಹಳು ಎಂದು ಪರೀಕ್ಷಕರು ಸಾರಿದಾಗ ಮೊದಲ ಚಪ್ಪಾಳೆಯನ್ನೂ ಅವರೇ ತಟ್ಟಬೇಕಾಯಿತು.

ಮರುದಿನ ಬೆಳಿಗ್ಗೆ ಇಬ್ಬರಿಗೂ ಕರೆ ಬಂತು. ಜಹೀರನೂ ಚಂದಮ್ಮನೂ ಐವಾನ್-ಎ-ಶಾಹಿಯ ಮನೆಯಲ್ಲಿ ಅಕ್ಕಪಕ್ಕ ನಿಂತರು. ಸರ್ ಕೂರಲು ಹೇಳಲಿಲ್ಲ.

"ಎಷ್ಟು ದಿನದಿಂದ ನಡಸೀದಿ ಈ ನಾಟಕ?"

"ಹೋದ ಸಂಕ್ರಾಂತಿಯಿಂದ್ರಿ ಸರ್," ಎಂದ ಜಹೀರ್.

"ನಾ ಬರದಿದ್ದು ಒಂದೂ ಹೋಗಿಲ್ಲ?"

"ರಸೂಲ್ ಸಾಹೇಬರ ಮನಿ ತನಕ ಹೋಗ್ಯಾವ್ರಿ."

"ನಿನ್ನ ನಿರ್ವಾಹಕ ಹುದ್ದೆಯಿಂದ ತಗದೀನಿ! ಇವತ್ತೇ, ಈಗಿಂದೀಗ!"

"ತಗೀಬೇಕಂದ್ರೂ ನಾನೇ ತಗೀಬೇಕ್ರಿ ಸರ್. ಪಾಸ್‌ವರ್ಡ್ ನನ್ನ ಕಡೆನೇ ಅದ." ಇದನ್ನು ಅವನು ಸೊಕ್ಕಿನಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಮೇಲೆ ಇನ್ನೊಂದನ್ನೂ ಹೇಳಿಬಿಟ್ಟ: "ಖರೇ ಹೇಳ್ಬೇಕಂದ್ರ ಸರ್, ನೀವು ಲಿಸ್ಟಿನ ಸದಸ್ಯರೇ ಅಲ್ರಿ. ಸದಸ್ಯರಾಗಬೇಕಂದ್ರ ಇ-ಮೇಲ್ ಇರಬೇಕಲ್ರಿ. ನಿಮಗಿಲ್ಲ."

ಸಂಸ್ಥಾಪಕ ಅಧ್ಯಕ್ಷರು ಕೈಯಲ್ಲಿದ್ದ ಕೆಂಪು ಪೆನ್ಸಿಲನ್ನು ಮೇಜಿನ ಮೇಲಿಟ್ಟರು. ಸಿಟ್ಟು ಎಲ್ಲೋ ಹೋಗಿತ್ತು. "ಇಷ್ಟು ತಿಂಗಳು... ಸೊಂತ ಸರ್ ಎಲ್ಲಿ, ಅವರ್ಯಾಕ ಬರೀವಲ್ಲರು ಅಂತ ಒಬ್ಬರೂ ಕೇಳಲಿಲ್ಲೇನು?"

ಜಹೀರ್ ನೆಲ ನೋಡಿದ. ಸುಳ್ಳು ಹೇಳಬಹುದಿತ್ತು. ಅಷ್ಟು ತಿಂಗಳು ಸುಳ್ಳನ್ನು ಟೈಪು ಮಾಡಿ ಹಂಚಿದವನಿಗೆ ಆ ಒಂದು ಸಣ್ಣ ಸುಳ್ಳು ಬಾಯಿಗೆ ಬರಲಿಲ್ಲ. ಇದುವರೆಗೆ ನಕ್ಕವನು ನಾನು, ಇಲ್ಲಿ ನನಗೂ ಆ ಮುದುಕರ ಮೇಲೆ ಕನಿಕರ ಬಂತು.

"ನಾ ಕೇಳೀನ್ರಿ ಸರ್," ಎಂದಳು ಚಂದಮ್ಮ. "ಮೂರು ಸಲ ಬರ್ದೀನಿ. ಸೊಂತ ಸರ್ ಇದಕ್ಕ ಏನಂತಾರ ಅಂತ. ಜಹೀರ್ ಸರ್ ಅದನ್ನೂ ನಿಮಗ ಕೊಟ್ಟಿಲ್ಲ." ಜಹೀರನ ಕಿವಿ ಕೆಂಪಾಯಿತು. ಅವಳು ಅವನ ಕಡೆ ನೋಡಲಿಲ್ಲ. "ಪಿಯುಸಿನ್ಯಾಗ ನಿಮ್ಮ ಪುಸ್ತಕ ಓದೇ ನಾ ಹಿಸ್ಟರಿ ತಗೊಂಡಿದ್ದು. ನಮ್ಮ ಊರಾಗೂ ಒಬ್ಬ ರಾಣಿ ಇದ್ದಳಂತ ಎಷ್ಟು ಖುಷಿ ಆಗಿತ್ತು ನಿಮಗ ಗೊತ್ತಿಲ್ಲ. ಆ ರಾಣಿ ಇಲ್ಲಂತ ಬರೆಯೂಮುಂದ ನನಗೂ ಸಂಕಟ ಆಗ್ಯಾದ್ರಿ. ಒಂದೇ ಕೇಳ್ತೀನಿ. ನೀವು ತಳದಾಗ ಆ ನೀಲಿ ನೋಡಿದ್ದಿಲ್ಲೇನ್ರಿ?"

ಸರ್ ಕಿಟಕಿಯ ಕಡೆ ತಿರುಗಿದರು.

"ನಾ ಒಳಗ ಇಳದಿದ್ದಿಲ್ಲ," ಎಂದರು. "ಹಾವು ಅವ ಅಂದ್ರು. ದಂಡಿಗಿ ನಿಂತು ನೋಡಿ ಬಂದೆ."

ಇಪ್ಪತ್ತು ವರ್ಷದ ಕೀರ್ತಿ, ಪ್ರೊಫೆಸರ್ ಹುದ್ದೆ, ಕಪಾಟಿನ ತುಂಬ ಶಾಲು, ಎಲ್ಲವೂ ತೊಟ್ಟಿಯ ಅಂಚಿನ ಮೇಲೆ ನಿಂತಿತ್ತು. ಆ ಮಾತನ್ನು ಅವರು ಹೆಂಡತಿಗೂ ಹೇಳಿದ್ದಿಲ್ಲ ಎಂದು ಆಮೇಲೆ ತಿಳಿಯಿತು.

"ಇದನ್ನೇ ಬರೀರಿ ಸರ್," ಎಂದಳು ಚಂದಮ್ಮ, ಮೆತ್ತಗೆ. "ಇಷ್ಟೇ ಬರೀರಿ. ನಿಮ್ಮ ಮ್ಯಾಲಿನ ಮರ್ಯಾದಿ ಹೆಚ್ಚಾಗ್ತದ. ನಿನ್ನೆ ಬಿದ್ದ ಚಪ್ಪಾಳಿ ಖರೇ ಆಗ್ತದ."

ಸರ್ ಹೂಂ ಎಂದರು. ಕಣ್ಣು ಒರೆಸಿಕೊಂಡರು. ಇಬ್ಬರನ್ನೂ ಕೂರಿಸಿ ಚಹಾ ಕೊಡಿಸಿದರು. ಜಹೀರ್ ಅವತ್ತೇ ಅವರನ್ನು ಸೈಬರ್ ಕೆಫೆಗೆ ಕರೆದೊಯ್ದು ಇ-ಮೇಲ್ ಮಾಡಿಕೊಟ್ಟ, ವೇದಿಕೆಯ ಸದಸ್ಯರನ್ನಾಗಿ ಸೇರಿಸಿದ. ಮುಂದಿನ ದಿನಗಳಲ್ಲಿ ಸರ್ ಒಂದೇ ಬೆರಳಿನಲ್ಲಿ ಟೈಪು ಮಾಡುತ್ತ ಅಲ್ಲಿ ಕೂತಿರುವುದನ್ನು ಜಗತ್ ಸರ್ಕಲ್ಲಿನಲ್ಲಿ ಓಡಾಡುವವರೆಲ್ಲ ನೋಡಿದರು. ಚಂದಮ್ಮ ಕಮಲಾಪುರದಲ್ಲಿ ಕಾಯುತ್ತಿದ್ದಳು. ದೊಡ್ಡವರೊಬ್ಬರು ಸಣ್ಣದೊಂದು ನಿಜ ಹೇಳುವುದನ್ನು ತನ್ನ ಕಣ್ಣಿಂದ ನೋಡಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ಪದವಿ ಸಿಕ್ಕಿದ್ದಕ್ಕಿಂತ ಅದು ಹೆಚ್ಚು ಎಂದು ಜಹೀರನಿಗೆ ಫೋನಿನಲ್ಲಿ ಹೇಳಿದಳು.

ಪತ್ರ ಬಂತು. ಎಲ್ಲರ ಪತ್ರದಂತೆ ಅದೂ ಸಾಲಿನಲ್ಲಿ ನಿಂತಿತು. ಜಹೀರ್ ಓದದೆಯೇ 'ಹೋಗಲಿ' ಎಂದು ಒತ್ತಿದ. ಎಲ್ಲರಿಗೂ ತಲುಪಿತು. ಐದು ಪುಟ. ಆ ಕಾಲದ ಸಂಶೋಧನೆಯ ಕಷ್ಟಗಳು, ತಮಗೆ ಸಂದ ಗೌರವಗಳು, ಕಿರಿಯರನ್ನು ಬೆಳೆಸುವುದರ ಮಹತ್ವ. ಹಾವಿನ ಸುದ್ದಿ ಇರಲಿಲ್ಲ, ಅಂಚಿನ ಸುದ್ದಿಯೂ ಇರಲಿಲ್ಲ. ನೀಲಿ ತೊಟ್ಟಿಯ ಬಗ್ಗೆ ತಮಗೆ ಎಂಬತ್ನಾಲ್ಕರಲ್ಲೇ ಒಂದು ಸಂಶಯವಿತ್ತು ಎಂದಿತ್ತು. ಕೊನೆಯ ವಾಕ್ಯ ಹೀಗಿತ್ತು: "ಆದಾಗ್ಯೂ, ನೀಲಿ ತಯಾರಿಕೆಯನ್ನು ವೀಕ್ಷಿಸಲು ಆಗಮಿಸಿದ ರಾಣಿಯವರು ಈ ಭಾಗದ ಬಿಸಿಲಿಗೆ ಬಳಲಿ ಅದೇ ತೊಟ್ಟಿಯಲ್ಲಿ ಜಳಕ ಮಾಡಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು."

ರಸೂಲ್ ಸಾಹೇಬರ ಪರವಾಗಿ ಯಾರೋ ವಾಹ್ ವಾಹ್ ಬರೆದರು. ಗೈಡು ಸಮತೋಲನದ ನಿಲುವು ಎಂದು ಹೊಗಳಿದರು. ಮತ್ತಿಬ್ಬರು ಅಭಿನಂದಿಸಿದರು.

ಮೂರನೇ ದಿನ ಚಂದಮ್ಮನ ಪತ್ರ ಬಂತು. ಈ ಸಲ ಜಹೀರ್ ಓದಿ, ಕುರ್ಚಿಯಿಂದ ಎದ್ದು ನಿಂತು ಒತ್ತಿದ.

"ಮಾನ್ಯ ಸೊಂತ ಸರ್ ಅವರಿಗೆ ನಮಸ್ಕಾರಗಳು. ಹಾಗೆ ಜಳಕ ಮಾಡಿದ್ದರೆ ರಾಣಿಯವರು ನೀಲಿಯಾಗಿ ಅರಮನೆಗೆ ಮರಳಿರಬೇಕು. ಇತಿಹಾಸದಲ್ಲಿ ಅಂಥ ರಾಣಿ ಯಾರಾದರೂ ನಿಮ್ಮ ಗಮನಕ್ಕೆ ಬಂದಿದ್ದರೆ ದಯವಿಟ್ಟು ತಿಳಿಸಿ."